ಪವಾಯಿ ಕೆರೆಯ ಹಾಜರಿ ಪುಸ್ತಕ

ಮುಂಬಯಿಯ ಪವಾಯಿ ಕೆರೆ ಹುಟ್ಟಿದ್ದು ಅವಸರದಲ್ಲಿ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಆ ನಗರಕ್ಕೆ ಕುಡಿಯುವ ನೀರಿನದೇ ಚಿಂತೆ. 1860ರಲ್ಲಿ ವಿಹಾರ್ ಕೆರೆ, 1879ರಲ್ಲಿ ತುಳಸಿ ಕೆರೆ ಕಟ್ಟಿದ್ದರೂ ಗಿರಣಿಗಳ ಜೊತೆ ಬೆಳೆಯುತ್ತಿದ್ದ ಊರಿಗೆ ಅವು ಸಾಲಲಿಲ್ಲ. ದೂರದ ತಾನ್ಸಾ ಕಣಿವೆಯಲ್ಲಿ ದೊಡ್ಡ ಅಣೆಕಟ್ಟಿನ ಕೆಲಸ ನಡೆದಿತ್ತು. ಅದು ಮುಗಿಯುವವರೆಗೆ ಆಪತ್ತಿಗೆ ಒದಗಲೆಂದು, ವಿಹಾರ್‌ನ ಕೆಳಗಿನ ಪವಾಯಿ ಕಣಿವೆಯಲ್ಲಿ ಮೀಠಿ ನದಿಗೆ ಸೇರುವ ಹಳ್ಳಕ್ಕೆ ಅಡ್ಡಲಾಗಿ ಗುಡ್ಡಗಳ ನಡುವೆ ಒಡ್ಡು ಕಟ್ಟಿದರು. 1891ರ ಹೊತ್ತಿಗೆ ಸುಮಾರು ಎರಡು ಚದರ ಕಿಲೋಮೀಟರ್ ನೀರು ನಿಂತಿತು.

ಆ ನೀರನ್ನು ಊರು ಬಹಳ ದಿನ ಕುಡಿಯಲಿಲ್ಲ. ಅದರ ಗುಣಮಟ್ಟ ಕುಡಿಯಲು ತಕ್ಕುದಲ್ಲ ಎನ್ನಿಸಿತು. 1892ರಲ್ಲಿ ತಾನ್ಸಾ ಮುಗಿದು ನಗರಕ್ಕೆ ನೀರು ಹರಿದ ಮೇಲೆ ಪವಾಯಿಯ ಅಗತ್ಯವೂ ಉಳಿಯಲಿಲ್ಲ. ವಿಹಾರ್ ಮತ್ತು ತುಳಸಿ ಇಂದಿಗೂ ಮುಂಬಯಿಗೆ ನೀರು ಕೊಡುತ್ತವೆ. ಅವು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನ ಒಳಗಿವೆ, ಅವುಗಳ ದಂಡೆಗೆ ಕಾವಲಿದೆ. ಪವಾಯಿ ಬೇಲಿಯ ಹೊರಗೆ ಉಳಿಯಿತು. ಗಾಳ ಹಾಕುವವರ ಸಂಘ ಅಲ್ಲಿ ಮೀನು ಬಿಟ್ಟು ಸಾಕಿತು. ಆರೆ ಹಾಲಿನ ಕಾಲೊನಿಗೂ ಕಾರ್ಖಾನೆಗೂ ಅದರ ನೀರು ಬಳಕೆಯಾಯಿತು. 1959ರ ಮಾರ್ಚ್ 10ರಂದು ಜವಾಹರಲಾಲ್ ನೆಹರೂ ಕೆರೆಯ ಪಕ್ಕದಲ್ಲಿ ಐಐಟಿಗೆ ಅಡಿಗಲ್ಲು ಹಾಕಿದರು. 1980ರ ದಶಕದಿಂದ ಎದುರು ಗುಡ್ಡಗಳಲ್ಲಿ ಎತ್ತರದ ವಸತಿ ಕಟ್ಟಡಗಳು ಎದ್ದವು. ಗುಡ್ಡದ ಮಣ್ಣು, ಮನೆಗಳ ಚರಂಡಿ ನೀರು ಎರಡೂ ಕೆರೆಗೇ ಬಂದವು.

ಮನುಷ್ಯರು ಕೈಬಿಟ್ಟ ನೀರನ್ನು ಹಕ್ಕಿಗಳು ಹಿಡಿದುಕೊಂಡವು. ಅಂಚಿನ ಜೊಂಡು, ತೇಲುವ ಎಲೆಗಳ ಮೇಲೆ ಉದ್ದ ಬೆರಳುಗಳನ್ನು ಹರಡಿ ನಡೆಯುವ ದೇವನಕ್ಕಿ, ನೀಲಿ ಮೈ ಕೆಂಪು ಕೊಕ್ಕಿನ ಜಂಬುಕೋಳಿ, ಜೊಂಡಿನೊಳಗೆ ಅಲುಗದೆ ನಿಲ್ಲುವ ಕೆನ್ನೀಲಿ ಬಕ, ಸಂಜೆ ಸಿಳ್ಳೆ ಹಾಕುತ್ತ ಹಾರುವ ಸಿಳ್ಳೆಬಾತು, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆ, ಇವೆಲ್ಲ ಪವಾಯಿಯಲ್ಲಿ ಕಾಣುವ ಹಕ್ಕಿಗಳು. ಮೊಸಳೆಗಳೂ ಇವೆ. ಮೂರು ಕಡೆ ರಸ್ತೆ ಮತ್ತು ಕಟ್ಟಡವಿರುವ ನೀರಿನಲ್ಲಿ ಇಷ್ಟು ಜೀವ ಉಳಿದಿದೆ ಎನ್ನುವುದೇ ದೊಡ್ಡದು. ಆದರೆ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂದು ಕೇಳಿದರೆ ಉತ್ತರ ಕೊಡಬೇಕಾದವರು ಯಾರು? ಈ ಪ್ರಶ್ನೆಗೆ ಮುಂಬಯಿಯ ಹಕ್ಕಿ ನೋಡುವವರ ಒಂದು ದೀರ್ಘ ಇತಿಹಾಸವಿದೆ. ಅದರ ಒಂದು ಎಳೆ ಕನ್ನಡನಾಡಿಗೂ ಬರುತ್ತದೆ.

1883ರ ಸೆಪ್ಟೆಂಬರ್ 15ರಂದು ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದರು. ಅವರಲ್ಲಿ ಇಬ್ಬರು ಭಾರತೀಯರು, ಇಬ್ಬರೂ ವೈದ್ಯರು: ಪ್ರಾರ್ಥನಾ ಸಮಾಜದ ಆತ್ಮಾರಾಮ್ ಪಾಂಡುರಂಗ ಮತ್ತು ಸಖಾರಾಮ್ ಅರ್ಜುನ್. ಆ ಕಾಲದ ಪಕ್ಷಿಶಾಸ್ತ್ರ ಕೋವಿಯ ಶಾಸ್ತ್ರ. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಊರು ಮತ್ತು ತಾರೀಕು ಬರೆದ ಚೀಟಿ ಕಟ್ಟಿದರೆ ಅದು ದಾಖಲೆ. ಚೀಟಿಯಿಲ್ಲದ ಹಕ್ಕಿ ಎಷ್ಟು ಅಪರೂಪದ್ದಾದರೂ ಶಾಸ್ತ್ರಕ್ಕೆ ಬೇಡ. ಚೀಟಿಯ ಮೇಲಿನ ಈ ಶ್ರದ್ಧೆ ಒಳ್ಳೆಯದೇ. ಕೋವಿ ಕೆಳಗಿಟ್ಟ ಮೇಲೂ ಅದು ಉಳಿಯಬೇಕಾಗಿತ್ತು.

ಆ ಎಂಟು ಜನರಲ್ಲೊಬ್ಬರು ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ಸಾತಾರಾದಲ್ಲಿ 1851ರಲ್ಲಿ ಹುಟ್ಟಿ, ಸುಂಕ ಮತ್ತು ಉಪ್ಪಿನ ಇಲಾಖೆಯಲ್ಲಿ ಅಧಿಕಾರಿಯಾಗಿ, 'ಇಎಚ್‌ಎ' ಎಂಬ ಮೂರಕ್ಷರದ ಹೆಸರಿನಲ್ಲಿ ನಗೆ ಬೆರೆತ ಪ್ರಬಂಧಗಳನ್ನು ಬರೆದವರು. ಕೆಲಸ ಅವರನ್ನು ಕಾರವಾರಕ್ಕೆ ತಂದಿತು. ಉತ್ತರ ಕನ್ನಡ ಆಗ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು, 1956ರವರೆಗೂ ಅಲ್ಲೇ ಇತ್ತು. ಕಾರವಾರದಲ್ಲಿ ಅವರಿಗೆ ಸಿಕ್ಕ ಜೊತೆಗಾರರು ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್ ಮತ್ತು ಅರಣ್ಯಾಧಿಕಾರಿ ಟಿ. ಆರ್. ಬೆಲ್. ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬರೆದರು. ಡೇವಿಡ್‌ಸನ್ 1898ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಜಿಲ್ಲೆಯ ಹಕ್ಕಿಗಳ ಪಟ್ಟಿ ಪ್ರಕಟಿಸಿದರು. ಏಟ್ಕನ್ 1894ರ 'ಎ ನ್ಯಾಚುರಲಿಸ್ಟ್ ಆನ್ ದ ಪ್ರೌಲ್' ಪುಸ್ತಕದಲ್ಲಿ ಆ ಕಾಡುಗಳ ಸುತ್ತಾಟವನ್ನು ಬರೆದರು. ಹೀಗೆ ಉತ್ತರ ಕನ್ನಡದ ಹಕ್ಕಿಗೂ ಮುಂಬಯಿಯ ಹಕ್ಕಿಗೂ ಹಾಜರಿ ಹಾಕಿದ ಪುಸ್ತಕ ಒಂದೇ ಆಗಿತ್ತು.

1900ರಲ್ಲಿ ಏಟ್ಕನ್ ಅವರ ಇನ್ನೊಂದು ಪುಸ್ತಕ ಬಂತು: 'ದ ಕಾಮನ್ ಬರ್ಡ್ಸ್ ಆಫ್ ಬಾಂಬೆ'. ಅದರ ಹೆಸರಿನಲ್ಲೇ ಒಂದು ತಿರುವಿದೆ. ಅಪರೂಪದ ಹಕ್ಕಿಯನ್ನು ಹುಡುಕಿಕೊಂಡು ಹೋಗುವವರ ನಡುವೆ, ಕಾಗೆ, ಹದ್ದು, ಗುಬ್ಬಿ, ಗೊರವಂಕಗಳಿಗೇ ಒಂದು ಪುಸ್ತಕ ಮೀಸಲಿಡಬಹುದು ಎಂದು ಅದು ತೋರಿಸಿತು. ದೂರದ ಕಾಡಿಗೆ ಹೋಗಲಾರದ ಗುಮಾಸ್ತ, ಮೇಷ್ಟ್ರು, ವಿದ್ಯಾರ್ಥಿ, ಗೃಹಿಣಿ ಯಾರೇ ಆದರೂ ತಮ್ಮ ಕಿಟಕಿಯಿಂದ ಶುರುಮಾಡಬಹುದು.

ಒಂದೇ ಜಾಗದಲ್ಲಿ ಕೂತು ನೋಡುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ಸಾಲಿಂ ಅಲಿ ಅವರ ಬದುಕಿನಲ್ಲೊಂದು ಉದಾಹರಣೆ ಇದೆ. 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರು ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮನ್ ಬಳಿ ಕಲಿತು ಹಿಂತಿರುಗಿದಾಗ ಕೆಲಸ ಇರಲಿಲ್ಲ. ಕೊಲ್ಲಿಯ ಆಚೆ ದಡದ ಕಿಹಿಮ್ ಎಂಬ ಹಳ್ಳಿಯ ಮನೆಗೆ ಹೋಗಿ ಉಳಿದರು. 1930ರ ಮಳೆಗಾಲದಲ್ಲಿ ಹತ್ತಿರದಲ್ಲೇ ಗೀಜಗಗಳು ಗೂಡು ಕಟ್ಟಿದವು. ಏಣಿಯ ಮೇಲೆ ಬಟ್ಟೆಯ ಮರೆ ಕಟ್ಟಿಕೊಂಡು ದಿನಾ ನೋಡಿದರು. ಗಂಡು ಅರ್ಧ ಗೂಡು ಹೆಣೆದು ನಿಲ್ಲಿಸುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಉಳಿದರ್ಧ ಮುಗಿಸುತ್ತದೆ, ಆಮೇಲೆ ಇನ್ನೊಂದು ಗೂಡಿಗೆ ಕೈಹಾಕುತ್ತದೆ ಎಂಬ ಸಂಸಾರದ ಗುಟ್ಟು ಹೊರಬಿದ್ದಿದ್ದು ಹಾಗೆ. ಗೀಜಗವನ್ನು ನಮ್ಮ ದೇಶದಲ್ಲಿ ನೋಡದವರಿರಲಿಲ್ಲ. ಅದೇ ಮರವನ್ನು ದಿನಾ ನೋಡಿದವರು ಕಡಿಮೆ.

ಅದೇ ದಶಕದಲ್ಲಿ ಸಾಲಿಂ ಅಲಿ ಮತ್ತು ಹುಮಾಯೂನ್ ಅಬ್ದುಲಾಲಿ ಮುಂಬಯಿ ಮತ್ತು ಸಾಲ್ಸೆಟ್‌ನ ಹಕ್ಕಿಗಳ ವಿವರವಾದ ಪಟ್ಟಿಯನ್ನು ಸೊಸೈಟಿಯ ಪತ್ರಿಕೆಯಲ್ಲಿ 1936ರಿಂದ ಕಂತು ಕಂತಾಗಿ ಪ್ರಕಟಿಸಿದರು. ಸಾಲ್ಸೆಟ್ ಎಂದರೆ ಮುಂಬಯಿಯ ಉತ್ತರಕ್ಕಿರುವ ದೊಡ್ಡ ದ್ವೀಪ. ಪವಾಯಿ ಇರುವುದೂ ಅದರಲ್ಲೇ. ಇಂದಿನ ಉಪನಗರಗಳೆಲ್ಲ ಭತ್ತದ ಗದ್ದೆ, ತಾಳೆತೋಪು, ಹುಲ್ಲುಗಾವಲು ಆಗಿದ್ದ ಕಾಲದ ಲೆಕ್ಕ ಅದು. ಬರೆಯುವಾಗ ಅವರಿಗೆ ಅದು ವರ್ತಮಾನದ ವರದಿ, ಇಂದು ಓದುವವರಿಗೆ ಕಳೆದುಹೋದ ನೆಲದ ಕಡತ. ಎಲ್ಲ ಹಕ್ಕಿಪಟ್ಟಿಗಳ ಹಣೆಬರಹವೂ ಇದೇ. ಅವುಗಳ ಬೆಲೆ ತಿಳಿಯುವುದು ಬರೆದವರು ಹೋದ ಮೇಲೆ.

ಪಟ್ಟಿಯಿಂದ ರಕ್ಷಣೆಯೂ ಸಿಗಬಹುದು ಎಂಬುದನ್ನು ಕನ್ನಡಿಗರು ರಂಗನತಿಟ್ಟಿನಲ್ಲಿ ಕಂಡರು. 1939-40ರಲ್ಲಿ ಸಾಲಿಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಗಮನಿಸಿ ಅರಸರಿಗೆ ತಿಳಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. ಆ ನಡುಗಡ್ಡೆಗಳು 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ನದಿಗೆ ಕಟ್ಟಿಸಿದ ಒಡ್ಡಿನಿಂದ ಉಂಟಾದವು. ಒಡ್ಡು ಕಟ್ಟಿದ್ದು ಹೊಲಗದ್ದೆಗೆ, ಬಂದು ನೆಲೆಸಿದ್ದು ಹಕ್ಕಿ. ಪವಾಯಿಯ ಕಥೆಯೂ ಅದೇ. ವ್ಯತ್ಯಾಸ ಇಷ್ಟೇ: ಒಂದನ್ನು ಸರಿಯಾದ ಹೊತ್ತಿನಲ್ಲಿ ಒಬ್ಬರು ನೋಡಿ, ಬರೆದು, ಹೇಳಬೇಕಾದವರಿಗೆ ಹೇಳಿದರು.

ಆದರೆ ಎಲ್ಲ ಊರಿಗೂ ಒಬ್ಬೊಬ್ಬ ಸಾಲಿಂ ಅಲಿ ಬರುವುದಿಲ್ಲ. 1960ರಲ್ಲಿ ಮುಂಬಯಿಯ ಜಾಫರ್ ಫತೇಹಲ್ಲಿ 'ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್' ಎಂಬ ಪುಟ್ಟ ಮಾಸಿಕ ಶುರುಮಾಡಿದರು. ಸೈಕ್ಲೋಸ್ಟೈಲ್ ಮಾಡಿದ ಕೆಲವೇ ಹಾಳೆಗಳು, ಬೆರಳೆಣಿಕೆಯ ಚಂದಾದಾರರು. ದೊಡ್ಡ ಪತ್ರಿಕೆಗೆ ಕಳಿಸಲು ಅಳುಕುವವರು ಇದಕ್ಕೆ ಬರೆಯುತ್ತಿದ್ದರು: ನಮ್ಮ ಊರಿನ ಕೆರೆಗೆ ಈ ವರ್ಷ ಬಾತುಗಳು ತಡವಾಗಿ ಬಂದವು, ನಮ್ಮ ತೋಟದಲ್ಲಿ ಮಡಿವಾಳ ಹಕ್ಕಿ ಎರಡು ಸಲ ಮರಿಮಾಡಿತು ಎನ್ನುವಂಥ ಸುದ್ದಿಗಳು. ಮುಂದೆ ಫತೇಹಲ್ಲಿ ಬೆಂಗಳೂರಿಗೆ ಬಂದು ನೆಲೆಸಿದಾಗ ಆ ಪತ್ರಿಕೆಯೂ ಜೊತೆಗೆ ಬಂತು. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ವಿಜ್ಞಾನಿ ಜೋಸೆಫ್ ಜಾರ್ಜ್ ಮತ್ತು ಗೆಳೆಯರು ಕಟ್ಟಿದ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್, ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಹಕ್ಕಿ ನೋಡುವ ಪದ್ಧತಿ ಬೆಳೆಸಿತು. ಅದೇ ತೋಟ, ಅದೇ ಕೆರೆ, ಅದೇ ವಾರ. ಹೊಸಬರಿಗೆ ಇದು ಬೇಸರ ತರಿಸಬಹುದು. ಅದರ ಪ್ರಯೋಜನ ಇರುವುದು ಬೇಸರಪಡದೆ ಮತ್ತೆ ಮತ್ತೆ ಹೋಗುವುದರಲ್ಲಿ.

ಶಾಲೆಯ ಹಾಜರಿ ಪುಸ್ತಕವನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಆ ಪುಸ್ತಕಕ್ಕೆ ಅರ್ಥ ಬರುವುದು ಬಂದವರ ಗುರುತಿನಿಂದ ಮಾತ್ರವಲ್ಲ, ಬಾರದವರ ಗುರುತಿನಿಂದಲೂ. ಯಾವ ಮಗು ಯಾವ ದಿನದಿಂದ ಬರಲಿಲ್ಲ ಎಂಬುದು ಗೊತ್ತಾಗಬೇಕಾದರೆ ದಿನಾ ಹೆಸರು ಕೂಗಿರಬೇಕು. ಸಮೀಕ್ಷೆಗೆ ಬರುವ ತಜ್ಞರು ಒಂದು ದಿನ ಬಂದು ಇಲ್ಲಿ ಇಷ್ಟು ಬಗೆಯ ಹಕ್ಕಿಗಳಿವೆ ಎಂದು ಹೇಳಬಲ್ಲರು. ಹಿಂದಿನ ಚಳಿಗಾಲದಲ್ಲಿ ಇದ್ದ ನಾಮದ ಕೋಳಿಗಳ ಹಿಂಡು ಈ ಚಳಿಗಾಲದಲ್ಲಿ ಇಲ್ಲ ಎಂದು ಹೇಳಬಲ್ಲವರು ಆ ದಂಡೆಯಲ್ಲೇ ನಡೆಯುವವರು. ಇಂದು ಇ-ಬರ್ಡ್ ಎಂಬ ಜಾಲತಾಣಕ್ಕೆ ಪಟ್ಟಿ ಸೇರಿಸುವಾಗ ಒಂದು ಪ್ರಶ್ನೆ ಎದುರಾಗುತ್ತದೆ: ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದು ಎಂದರೆ, ಪಟ್ಟಿಯಲ್ಲಿಲ್ಲದ ಹಕ್ಕಿ ಆ ದಿನ ಕಾಣಲಿಲ್ಲ ಎಂಬುದೂ ದಾಖಲಾದಂತೆ. ಕಾಗೆಯನ್ನೂ ಪಾರಿವಾಳವನ್ನೂ ಬಿಡದೆ ಎಣಿಸಿರಿ ಎಂದು ಹಳಬರು ಹೊಸಬರಿಗೆ ಹೇಳುವುದು ಇದಕ್ಕೇ.

ಪವಾಯಿಯಲ್ಲಿ ಇದರ ಬೆಲೆ ಎದ್ದು ಕಾಣುತ್ತದೆ. ಅಂತರಗಂಗೆ, ಮರಾಠಿಯವರು ಜಲಪರ್ಣಿ ಎನ್ನುವ ಕಳೆ, ಚರಂಡಿಯ ಸಾರ ಉಂಡು ಕೆರೆಯ ಮೇಲೆ ಹಬ್ಬುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ಆ ಗಿಡ ಹಬ್ಬಿದ ಕಡೆ ದೇವನಕ್ಕಿಗೆ, ಜಂಬುಕೋಳಿಗೆ ನಡೆದಾಡಲು ಹಾಸಿಗೆ ಹಾಸಿದಂತೆ. ತೆರೆದ ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಅದು ಬಾಗಿಲು ಮುಚ್ಚಿದಂತೆ. ದಾರಿಹೋಕನ ಕಣ್ಣಿಗೆ ಹಕ್ಕಿಗಳು ತುಂಬಿದ ಹಸಿರು ಕೆರೆಯೇ ಕಾಣುತ್ತದೆ. ಯಾವ ಹಕ್ಕಿಗಳು ಹೆಚ್ಚಿದವು, ಯಾವುವು ಜಾಗ ಬಿಟ್ಟವು ಎಂದು ವರ್ಷಗಳ ಲೆಕ್ಕ ಇಟ್ಟವರಿಗೆ ಮಾತ್ರ ಕೆರೆಗೆ ಏನಾಗುತ್ತಿದೆ ಎಂಬುದು ಕಾಣುತ್ತದೆ.

ದೇಶದ ಮಟ್ಟದಲ್ಲೂ ಕೊರತೆ ಇದೇ. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಮೂವತ್ತು ಸಾವಿರಕ್ಕೂ ಹೆಚ್ಚು ಹಕ್ಕಿ ವೀಕ್ಷಕರು ದಾಖಲಿಸಿದ ಸುಮಾರು ಮೂರು ಕೋಟಿ ಅವಲೋಕನಗಳ ಮೇಲೆ ನಿಂತಿದೆ. ಅವರಲ್ಲಿ ಬಹುಪಾಲು ಜನ ಹವ್ಯಾಸಿಗಳು. 942 ಬಗೆಯ ಹಕ್ಕಿಗಳ ಸ್ಥಿತಿ ಅಳೆಯಲು ಹೊರಟ ವರದಿಗೆ, ದೀರ್ಘಕಾಲದ ಏರಿಳಿತ ಹೇಳಲು ಸಾಕಷ್ಟು ಹಳೆಯ ಲೆಕ್ಕ ಸಿಕ್ಕಿದ್ದು 338 ಬಗೆಗಳಿಗೆ ಮಾತ್ರ. ಅವುಗಳಲ್ಲಿ ಶೇ. 60ರಷ್ಟು ಇಳಿಮುಖವಾಗಿದ್ದವು. ಉಳಿದ ಆರುನೂರು ಬಗೆಗಳ ವಿಷಯದಲ್ಲಿ ಹಿಂದೆ ಯಾರೂ ಸಾಕಷ್ಟು ಹಾಜರಿ ಹಾಕಿರಲಿಲ್ಲ.

ಕೆರೆಯ ಹೆಸರು ಪಟ್ಟಿಯಲ್ಲಿದ್ದರೆ ಏನಾಗುತ್ತದೆ ಎಂಬುದು 2022ರಲ್ಲಿ ಪವಾಯಿಯಲ್ಲೇ ಗೊತ್ತಾಯಿತು. ಮುಂಬಯಿ ಮಹಾನಗರ ಪಾಲಿಕೆ ಕೆರೆಯ ಸುತ್ತ ಸೈಕಲ್ ಮತ್ತು ನಡಿಗೆಯ ದಾರಿ ಮಾಡಲು ಹೊರಟಿತ್ತು. ತಂತಿಬಲೆಯ ಪೆಟ್ಟಿಗೆಗಳಲ್ಲಿ ಕಲ್ಲು ತುಂಬಿ ಅಂಚಿನಲ್ಲಿ ಜೋಡಿಸುವ ವಿಧಾನ ಅದು. ನೀರು ಹರಿಯಲು ಅಡ್ಡಿಯಿಲ್ಲ ಎನ್ನುವುದು ಪಾಲಿಕೆಯ ವಾದ. ಐಐಟಿಯ ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು. 2022ರ ಮೇ 6ರಂದು ನ್ಯಾಯಾಲಯ ಆ ಕಾಮಗಾರಿ ಕಾನೂನುಬಾಹಿರ ಎಂದು ಹೇಳಿ, ಕಟ್ಟಿದ್ದನ್ನು ತೆಗೆದು ಜಾಗವನ್ನು ಮೊದಲಿನ ಸ್ಥಿತಿಗೆ ತರಲು ಆದೇಶಿಸಿತು.

ಇದರಲ್ಲೊಂದು ವಿಚಿತ್ರವಿದೆ. 2017ರ ಜೌಗು ಪ್ರದೇಶ ನಿಯಮಗಳು ಕುಡಿಯುವ ನೀರಿಗಾಗಿಯೇ ಮನುಷ್ಯರು ಕಟ್ಟಿದ ಕೆರೆಗಳನ್ನು ಜೌಗು ಪ್ರದೇಶದ ವ್ಯಾಖ್ಯೆಯಿಂದ ಹೊರಗಿಡುತ್ತವೆ. ಪವಾಯಿ ಹುಟ್ಟಿದ್ದೇ ಕುಡಿಯುವ ನೀರಿಗೆ. ಅದರ ಬೆನ್ನಿಗೆ ನಿಂತದ್ದು ಒಂದು ಪಟ್ಟಿ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರ ಉಪಗ್ರಹದ ಚಿತ್ರಗಳಿಂದ ದೇಶದ ಜೌಗು ಪ್ರದೇಶಗಳನ್ನು ಗುರುತಿಸಿ 2011ರಲ್ಲಿ ಅಟ್ಲಾಸ್ ಹೊರತಂದಿತ್ತು. ಅಂಥ 2,01,503 ಜೌಗು ಪ್ರದೇಶಗಳನ್ನು ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. ಪವಾಯಿಯ ಹೆಸರು ಆ ಪಟ್ಟಿಯಲ್ಲಿತ್ತು.

ಆಕಾಶದ ಕಣ್ಣಿಗೆ ನೀರು ಕಾಣುತ್ತದೆ. ಜೊಂಡಿನೊಳಗೆ ದೇವನಕ್ಕಿಯ ಗಂಡು ಮೊಟ್ಟೆಗಳ ಮೇಲೆ ಕೂತಿದ್ದು ಕಾಣುವುದಿಲ್ಲ. ಆ ಸಂಸಾರದಲ್ಲಿ ಹೆಣ್ಣು ಒಂದು ಗೂಡು ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ, ಕಾವು ಕೊಟ್ಟು ಮರಿ ನೋಡುವುದೆಲ್ಲ ಗಂಡಿನ ಪಾಲು. ಕೆರೆಗೆ ಗಡಿ ಇದೆ ಎಂದು ಉಪಗ್ರಹ ಹೇಳಿತು. ಆ ಗಡಿಯೊಳಗೆ ಏನು ಬದುಕಿದೆ ಎಂದು ಹೇಳುವ ಕೆಲಸ ಇನ್ನೂ ದಂಡೆಯ ಮೇಲಿನವರದೇ.

ಪಟ್ಟಿಯೊಂದೇ ಸಾಕು ಎನ್ನುವಂತೆಯೂ ಇಲ್ಲ. ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಯಂಗಳದ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಹಕ್ಕಿಗಳ ಹಿಕ್ಕೆ ಹೊಲಕ್ಕೆ ಗೊಬ್ಬರ, ಹಕ್ಕಿಗಳು ಬಂದರೆ ಊರಿಗೆ ಒಳ್ಳೆಯದು ಎಂಬ ನಂಬಿಕೆ ಅಲ್ಲಿಯದು. ಸರ್ಕಾರ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಿದ್ದು 2007ರಲ್ಲಿ, ಅದಕ್ಕೆ ಬಹಳ ಮೊದಲೇ ಊರವರು ಆ ಮರಗಳನ್ನು ಕಾದಿದ್ದರು. ಪವಾಯಿ, ವಿಹಾರ್, ಆರೆಯ ಸುತ್ತಲಿನ ಪಾಡಾಗಳಲ್ಲಿ ವಾರ್ಲಿ ಜನ ಐಐಟಿಗಿಂತ, ಕೆರೆಗಿಂತಲೂ ಮೊದಲಿನಿಂದ ಇದ್ದಾರೆ. ಯಾವ ಮರಕ್ಕೆ ಯಾವ ಹಕ್ಕಿ ಯಾವ ಕಾಲದಲ್ಲಿ ಬರುತ್ತದೆ ಎಂಬ ಅವರ ತಿಳಿವಳಿಕೆ ಇಂಗ್ಲಿಷಿನ ಪಟ್ಟಿಗಳಿಗೆ ಸೇರಲಿಲ್ಲ. ಮುಂಬಯಿಯ ಹಾಜರಿ ಪುಸ್ತಕದಲ್ಲಿ ಖಾಲಿ ಉಳಿದ ದೊಡ್ಡ ಪುಟ ಅದು.

ಪಟ್ಟಿಗೂ ಊರಿಗೂ ನಡುವಿನ ಈ ಅಂತರವನ್ನು ಸ್ವಲ್ಪವಾದರೂ ತುಂಬಬಲ್ಲವರು ಸ್ವಯಂಸೇವಕರು. ವಿಹಾರ್ ಕೆರೆಯ ಆಚೆ ಬದಿಗೆ, ಗೋರೆಗಾಂವ್‌ನ ಫಿಲ್ಮ್ ಸಿಟಿಯ ಹಿಂದೆ, ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ 33 ಎಕರೆಯ ಕಾಡಿದೆ. ಅಲ್ಲಿ ಅದು ಸಂರಕ್ಷಣಾ ಶಿಕ್ಷಣ ಕೇಂದ್ರ ನಡೆಸುತ್ತದೆ. ಶಾಲೆಯ ಮಕ್ಕಳನ್ನು ಕಾಲುದಾರಿಯಲ್ಲಿ ಕರೆದೊಯ್ದು, ಮಾತು ನಿಲ್ಲಿಸಿ ಕಿವಿಗೊಡಲು ಕಲಿಸುವುದು ಅಲ್ಲಿಯ ದೊಡ್ಡ ಕೆಲಸ. ಮುಂಬಯಿಯ ಒಂದು ತರಗತಿಯಲ್ಲಿ ಹತ್ತು ಮನೆಮಾತುಗಳಿರುತ್ತವೆ. ಪೊದೆಯೊಳಗಿಂದ ಗೂಪ್ ಗೂಪ್ ಎಂದು ಕೂಗುವ ಕೆಂಗಂದು ರೆಕ್ಕೆಯ ಹಕ್ಕಿಯನ್ನು ಮರಾಠಿ ಮಗು ಭಾರದ್ವಾಜ ಎನ್ನುತ್ತದೆ, ಮಂಗಳೂರು ಕಡೆಯ ತುಳು ಮನೆಯ ಮಗು ಅಜ್ಜಿಯಿಂದ ಕೇಳಿದ್ದರೆ ಕುಪ್ಪುಳು ಎನ್ನುತ್ತದೆ, ಕನ್ನಡದ ಮಗುವಿಗೆ ನವಿಲಿನ ಹಾಗೆ ಕುಣಿಯಲು ಹೋದ ಗಾದೆಯ ಕೆಂಬೂತ ನೆನಪಾಗುತ್ತದೆ. ಮನೆಯ ಹೆಸರೊಂದು ಮರದ ಮೇಲಿನ ಹಕ್ಕಿಗೆ ಅಂಟಿಕೊಂಡ ದಿನದಿಂದ ಆ ಹಕ್ಕಿ ಪರಕೀಯವಲ್ಲ. ಹೆಸರು ಗೊತ್ತಿದ್ದರಲ್ಲವೇ ಹಾಜರಿ ಕೂಗುವುದು.

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಊರಿಗೆ ಮೀಠಿ ಎಂಬ ನದಿ ಇದೆಯೆಂದು ಅನೇಕರಿಗೆ ನೆನಪಾಯಿತು. ಆ ನದಿಗೆ ನೀರು ಬರುವುದು ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿಯಿಂದ. ಕೆರೆಯಲ್ಲಿ ಹೂಳು ತುಂಬಿದಷ್ಟೂ ಅದು ತಡೆದಿಟ್ಟುಕೊಳ್ಳುವ ಮಳೆನೀರು ಕಡಿಮೆ. ಹಾಗಾಗಿ ಪವಾಯಿಯ ದಂಡೆಯಲ್ಲಿ ದುರ್ಬೀನು ಹಿಡಿದು ನಿಂತವರ ಲೆಕ್ಕ ಹಕ್ಕಿಗಳದು ಮಾತ್ರವಲ್ಲ. ಮುಳುಗು ಹಾಕುವ ಹಕ್ಕಿಗಳು ಕಡಿಮೆಯಾಗಿ ಎಲೆಯ ಮೇಲೆ ನಡೆಯುವ ಹಕ್ಕಿಗಳು ಹೆಚ್ಚುತ್ತಿದ್ದರೆ, ತೆರೆದ ನೀರು ಕುಗ್ಗುತ್ತಿದೆ ಎಂದು ಆ ಲೆಕ್ಕ ಎಚ್ಚರಿಸುತ್ತದೆ.

ಕೆರೆಯಿಂದ ಚರಂಡಿಯನ್ನು ಬೇರೆಡೆ ತಿರುಗಿಸಬೇಕು, ಅಂತರಗಂಗೆ ತೆಗೆಯಬೇಕು, ಹೂಳೆತ್ತಬೇಕು. ಈ ಕೆಲಸಗಳನ್ನು ಮಾಡಬೇಕಾದ್ದು ಪಾಲಿಕೆ, ಹಕ್ಕಿ ನೋಡುವವರಲ್ಲ. ಮಾಡಿದ ಮೇಲೆ ಕೆರೆ ನಿಜಕ್ಕೂ ಸುಧಾರಿಸಿತೇ ಎಂದು ಯಾರಾದರೂ ಕೇಳಿದಾಗ, ಮೊದಲಿನ ಲೆಕ್ಕ ಇದ್ದರೆ ಮಾತ್ರ ಉತ್ತರ ಸಿಗುತ್ತದೆ. ಡೇವಿಡ್‌ಸನ್ ಅವರ ಉತ್ತರ ಕನ್ನಡದ ಪಟ್ಟಿ 1898ರದು. ನೂರು ವರ್ಷ ಕಳೆದರೂ ಯಾವ ಹಕ್ಕಿ ಇತ್ತು ಎಂದು ಕೇಳುವವರು ಅದನ್ನು ತೆರೆಯುತ್ತಾರೆ. ಇಂದು ಬೆಳಿಗ್ಗೆ ಪವಾಯಿಯಲ್ಲಿ ಎಣಿಸಿದ ಎರಡು ಸಿಳ್ಳೆಬಾತು, ಒಂದು ಕೆನ್ನೀಲಿ ಬಕ, ಐವತ್ತು ಕಾಗೆಗಳ ಪಟ್ಟಿಯನ್ನೂ ಮುಂದೊಂದು ದಿನ ಯಾರೋ ತೆರೆಯುತ್ತಾರೆ. ಅವರಿಗೆ ಆ ಪುಟ ಸಿಗಬೇಕು.